ಗಲ್ಲಕ್ಕೆ ತಾಗಿದ ತಂಪು

ನಾನು ಚರ್ಮದ ಮೇಲೆ ಮೊದಲ ಸಲ ಒತ್ತಿದ ಎಲೆ ಬೆಳಗಾಗುವಷ್ಟರಲ್ಲಿ ಮಾಯವಾಗಿತ್ತು. ರಾತ್ರಿ ಅಚ್ಚು ಇಟ್ಟು ಕೊಡತಿಯಿಂದ ಬಡಿದಾಗ ನರನರವಾಗಿ ಎದ್ದು ಕಂಡ ಎಲೆ ಅದು. ಮುಂಜಾನೆ ಎದ್ದು ನೋಡಿದರೆ ತುಂಡು ಮೆತ್ತಗೆ, ಬೋಳಾಗಿ ಬಿದ್ದಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದ ನನಗೆ ಕಾರಣ ಹೊಳೆಯಲು ಒಂದು ದಿನ ಹಿಡಿಯಿತು. ಅಂಗಡಿಯಿಂದ ತಂದದ್ದು ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮ. ಚೀಲಕ್ಕೆ, ಜಾಕೀಟಿಗೆ ಅದು ಒಳ್ಳೆಯದು. ಎಷ್ಟು ಒತ್ತಿದರೂ ತಿರುಗಿ ತನ್ನ ಆಕಾರಕ್ಕೇ ಬರುತ್ತದೆ. ಚಿತ್ತಾರ ಉಳಿಯಬೇಕಾದರೆ ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ವಾರಗಟ್ಟಲೆ ನೆಂದ ತೊಗಲೇ ಬೇಕು. ಅದರ ಎಳೆಗಳು ನೀರು ಕುಡಿದು ಮೆತ್ತಗಾಗುತ್ತವೆ, ಒತ್ತಿದಲ್ಲಿ ತಗ್ಗುತ್ತವೆ, ಒಣಗಿದ ಮೇಲೆ ಹಾಗೆಯೇ ನಿಲ್ಲುತ್ತವೆ.

ಈ ಚಿತ್ತಾರದ ಆಸೆ ಹುಟ್ಟಿದ್ದು ಶಾಂತಿನಿಕೇತನದಲ್ಲಿ. ನಿವೃತ್ತಿಯ ವರ್ಷ ಪ್ರವಾಸಕ್ಕೆ ಹೋದಾಗ ಅಲ್ಲಿ ಒಂದು ಕೈಚೀಲ ಕೊಂಡೆ. ಕವಿ ಠಾಕೂರರ ಮಗ ರಥೀಂದ್ರನಾಥರೂ ಅವರ ಪತ್ನಿ ಪ್ರತಿಮಾದೇವಿಯವರೂ ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಅಲ್ಲಿ ಬೇರೂರಿಸಿದ ಕಸುಬು ಅದು. ಚೀಲದ ಮೇಲಿನ ಉಬ್ಬು ಹೂವನ್ನು ರೈಲಿನುದ್ದಕ್ಕೂ ಬೆರಳಿನಿಂದ ಸವರುತ್ತ ಬಂದೆ. ಕಣ್ಣಿಗಿಂತ ಬೆರಳಿಗೇ ಹೆಚ್ಚು ಕಾಣುವ ಚಿತ್ರ ಇನ್ನಾವುದಿದೆ ಎಂದು ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಧಾರವಾಡಕ್ಕೆ ಮರಳಿ ಸಾಮಾನು ಜೋಡಿಸಿದೆ. ಗ್ರಾನೈಟ್ ಅಂಗಡಿಯವರು ಉಳಿದ ಚೂರೊಂದನ್ನು ಹಾಗೆಯೇ ಕೊಟ್ಟರು, ಅದು ಅಡಿಗಲ್ಲಾಯಿತು. ಏಳೆಂಟು ಅಚ್ಚು, ಒಂದು ಕೊಡತಿ, ಒಂದು ಸ್ವಿವೆಲ್ ಚಾಕು. ಈ ಚಾಕುವಿನ ನೆತ್ತಿಯ ಮೇಲೆ ತೋರುಬೆರಳು ಕೂರಲು ಒಂದು ತಗ್ಗು ಇರುತ್ತದೆ. ಕೆಳಗಿನ ದಿಂಡನ್ನು ಹೆಬ್ಬೆರಳು, ನಡುಬೆರಳು ತಿರುಗಿಸುತ್ತ ಗೆರೆಯನ್ನು ನಮ್ಮತ್ತ ಎಳೆದುಕೊಳ್ಳಬೇಕು. ಚರ್ಮದ ದಪ್ಪದಲ್ಲಿ ಅರ್ಧಕ್ಕಿಂತ ಆಳ ಹೋಗಬಾರದು. 3 ಮಿ.ಮೀ. ತೊಗಲಿನಲ್ಲಿ ಅರ್ಧ ಎಂದರೆ ಎಷ್ಟು ಎಂಬುದನ್ನು ಕಣ್ಣು ಹೇಳಲಾರದು. ಬೆರಳಿಗೆ ಅದು ತಿಳಿಯಲು ನನಗೆ ಎಂಟು ತಿಂಗಳು ಬೇಕಾಯಿತು.

ಪುಸ್ತಕಗಳು ಇಂಗ್ಲಿಷಿನ ಎಸ್, ಸಿ ಅಕ್ಷರಗಳನ್ನು ಕೊರೆದು ಅಭ್ಯಾಸ ಮಾಡಿ ಎನ್ನುತ್ತವೆ. ನಾನು ಕನ್ನಡ ಅಕ್ಷರ ಹಿಡಿದೆ. ಇದಕ್ಕಿಂತ ಒಳ್ಳೆಯ ಸಾಧನೆಯ ಪಾಠ ನನಗೆ ಸಿಕ್ಕಿಲ್ಲ. ‘ಠ’ ಬರೆದರೆ ಸುತ್ತಿನ ಎರಡು ತುದಿ ಕೂಡುತ್ತವೆಯೋ ಇಲ್ಲವೋ ಗೊತ್ತಾಗುತ್ತದೆ. ‘ಲ’ದಲ್ಲಿ ಬಳುಕು ಒಳಗೆ ಸರಿಯುವಾಗ ಚಾಕು ನಿಲ್ಲದೆ ಹೊರಳಬೇಕು. ‘ಣ’ಕ್ಕೆ ಬಂದರಂತೂ ಮಣಿಕಟ್ಟು, ಬೆರಳು ಎರಡೂ ಒಟ್ಟಿಗೆ ಕೆಲಸ ಕಲಿಯುತ್ತವೆ. ದಿನಾ ಬೆಳಿಗ್ಗೆ ಪೋಸ್ಟ್ ಕಾರ್ಡಿನಷ್ಟು ತುಂಡಿನ ಮೇಲೆ ಇಪ್ಪತ್ತು ನಿಮಿಷ, ಅಕ್ಷರ ಬಿಟ್ಟರೆ ಬೇರೇನೂ ಇಲ್ಲ. ಗೆರೆ ತಡೆದು ತಡೆದು ಬಂದರೆ ಕೈಯ ತಪ್ಪಲ್ಲ, ಅಲಗಿನ ತಪ್ಪು. ಹಸಿರು ಪಾಲಿಶ್ ಪುಡಿ ಸವರಿದ ಚರ್ಮದ ಪಟ್ಟಿಯ ಮೇಲೆ ಹತ್ತು ಸಲ ಎಳೆದರೆ ಚಾಕು ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಆ ತುಂಡುಗಳನ್ನೆಲ್ಲ ಹಿಂಬದಿಗೆ ತಾರೀಖು ಬರೆದು ಇಟ್ಟಿದ್ದೇನೆ.

ಕೊರೆದ ಗೆರೆಯ ಒಂದು ಪಕ್ಕವನ್ನು ಬೆವೆಲರ್ ಎಂಬ ಓರೆ ಅಚ್ಚಿನಿಂದ ತಗ್ಗಿಸಿದರೆ ಇನ್ನೊಂದು ಪಕ್ಕ ತಾನೇ ಮೇಲೇಳುತ್ತದೆ. ಹೂವನ್ನು ಯಾರೂ ಎಬ್ಬಿಸುವುದಿಲ್ಲ, ಸುತ್ತಲಿನ ನೆಲವನ್ನು ತಗ್ಗಿಸುತ್ತಾರೆ, ಅಷ್ಟೆ. ಆದ್ದರಿಂದ ಯಾವ ದಳ ಮೇಲಿದೆ, ಯಾವುದು ಅದರಡಿಯಲ್ಲಿ ಸಾಗಿದೆ ಎಂದು ಮೊದಲೇ ಗೊತ್ತಿರಬೇಕು. ಒಮ್ಮೆ ತಪ್ಪು ಪಕ್ಕ ಒತ್ತಿದರೆ ಬಳ್ಳಿ ಎಲೆಯೊಳಗೆ ಹೂತು ಹೋಗುತ್ತದೆ. ಅಚ್ಚನ್ನು ಎತ್ತಿ ಎತ್ತಿ ಇಡುವಂತಿಲ್ಲ. ಕೊಡತಿ ಸಣ್ಣಗೆ ತಟ್ಟುತ್ತಿರುವಾಗಲೇ ಅಚ್ಚು ಗೆರೆಗುಂಟ ಕೂದಲೆಳೆಯಷ್ಟು ಮುಂದೆ ಸರಿಯುತ್ತಿರಬೇಕು. ಹೆಜ್ಜೆ ದೊಡ್ಡದಾದರೆ ಮೆಟ್ಟಿಲು ಮೆಟ್ಟಿಲಾಗಿ ಗುರುತು ಬೀಳುತ್ತದೆ. ಅಮೆರಿಕದ ವಯೋಮಿಂಗಿನ ಶೆರಿಡನ್ ಊರಿನಲ್ಲಿ ಡಾನ್ ಕಿಂಗ್ (1923–2007) ಕುದುರೆ ಜೀನಿನ ಮೇಲೆ ಬಿಡಿಸಿದ ಬಳ್ಳಿಗಳ ಚಿತ್ರ ನೋಡಿದಾಗ ನಾನು ಭೂತಗನ್ನಡಿ ಹಿಡಿದು ಈ ಮೆಟ್ಟಿಲನ್ನೇ ಹುಡುಕಿದೆ. ಸುತ್ತಿ ಸುತ್ತಿ ಬಂದ ಕಾಂಡಗಳು, ಪ್ರತಿ ಸುತ್ತಿನ ನಡುವೆ ಒಂದು ಹೂ, ಒಂದೂ ಗುರುತಿಲ್ಲ.

ಇನ್ನೊಂದು ಪಾಠವನ್ನು ಕಬ್ಬಿಣ ಕಲಿಸಿತು. ಒದ್ದೆ ತುಂಡಿನ ಮೇಲೆ ಕತ್ತರಿ ಮರೆತು ಮಲಗಿದೆ. ಬೆಳಿಗ್ಗೆ ಅಲ್ಲಿ ಕತ್ತರಿಯದೇ ಕರಿ ನೆರಳು ಮೂಡಿತ್ತು. ತೊಗಟೆಯ ಟ್ಯಾನಿನ್ ಕಬ್ಬಿಣದೊಡನೆ ಸೇರಿದರೆ ಕಪ್ಪಾಗುತ್ತದೆ. ನನ್ನಜ್ಜ ಅಳಲೆಕಾಯಿ ಕುದಿಸಿದ ನೀರಿಗೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದರು. ಅದೂ ಇದೇ ಕ್ರಿಯೆ. ಅಳಲೆಯ ಅದೇ ಒಗರು ಚಮ್ಮಾರರ ಕೇರಿಯಲ್ಲಿ ತೊಗಲನ್ನು ಹದ ಮಾಡಿತು, ನಮ್ಮ ಪಡಸಾಲೆಯಲ್ಲಿ ಪಂಚಾಂಗ ಬರೆಸಿತು. ಎರಡು ಓಣಿಗಳ ನಡುವೆ ಮಾತ್ರ ಹೋಗಿಬರುವುದಿರಲಿಲ್ಲ.

ಆದರೆ ನಾನು ಎಲ್ಲಕ್ಕಿಂತ ಹೆಚ್ಚು ಸೋತದ್ದು ನೀರಿನಲ್ಲಿ. ತೊಗಲು ತೀರ ಹಸಿಯಿದ್ದರೆ ಅಚ್ಚು ಕೆಸರಿನಲ್ಲಿ ಇಳಿದಂತೆ ಇಳಿದು ಅಂಚು ಮುದ್ದೆಯಾಗುತ್ತದೆ. ತೀರ ಒಣಗಿದರೆ ಎಷ್ಟು ಬಡಿದರೂ ಮೇಲೆ ಮೇಲೆಯೇ ನಿಲ್ಲುತ್ತದೆ. ಎರಡರ ನಡುವೆ ಒಂದು ಗಳಿಗೆ ಇದೆ. ಒದ್ದೆಯ ಕಪ್ಪು ಹೋಗಿ ಮೂಲ ಬಣ್ಣ ಮರಳತೊಡಗಿರುತ್ತದೆ, ಒಳಗಿನ್ನೂ ತೇವ ಇರುತ್ತದೆ. ಆಗ ತಟ್ಟಿದರೆ ಅಚ್ಚು ಬಿದ್ದಲ್ಲೆಲ್ಲ ತೊಗಲು ತಾನಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಹಚ್ಚದೆಯೇ ನೆರಳು ಬರುತ್ತದೆ. ಆ ಗಳಿಗೆಯನ್ನು ಹಿಡಿಯಲು ಗಡಿಯಾರ ಇಟ್ಟುಕೊಂಡು ಪಟ್ಟಿ ಬರೆದೆ: ನೆನೆದದ್ದು ಇಷ್ಟು ನಿಮಿಷ, ಆರಿದ್ದು ಇಷ್ಟು ನಿಮಿಷ. ಧಾರವಾಡದ ಶ್ರಾವಣದಲ್ಲಿ ಬರೆದ ಪಟ್ಟಿ ಏಪ್ರಿಲ್ಲಿಗೆ ಒಂದಿಷ್ಟೂ ಹೊಂದಲಿಲ್ಲ.

ತೊಗಟೆ ತೊಗಲಿನ ತುಂಡು ಹುಡುಕಿಕೊಂಡು ಅಥಣಿಗೆ ಹೋದದ್ದು ಆ ಬೇಸಿಗೆಯಲ್ಲೇ. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಯನ್ನು ಬೆಳಗಾವಿ ಸೀಮೆಯ ಕೈಗಳೂ ತಲೆಮಾರುಗಳಿಂದ ಹೊಲಿದಿವೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ನಾನು ಹೋದ ಮನೆಯ ಕಟ್ಟೆಯ ಮೇಲೆ ಎಪ್ಪತ್ತು ದಾಟಿದ ಆಯಿಯೊಬ್ಬರು ಚಪ್ಪಲಿಯ ಪಟ್ಟಿಗೆ ಸಾಲು ಅಚ್ಚು ಹೊಡೆಯುತ್ತ ಕೂತಿದ್ದರು. ಗೆರೆ ಹಾಕಿರಲಿಲ್ಲ, ಅಳತೆ ಇರಲಿಲ್ಲ, ಸಾಲು ನೂಲು ಹಿಡಿದಂತೆ ಬರುತ್ತಿತ್ತು. ಚೀಲದಲ್ಲಿದ್ದ ನನ್ನ ತುಂಡನ್ನು ತೋರಿಸಿದೆ.

“ಎಷ್ಟೊತ್ತು ನೆನಿ ಇಟ್ಟಿದ್ರಿ, ಅಕ್ಕೋರ?”

“ಹತ್ತು ನಿಮಿಷ, ಆಯಿ.”

“ಗಡಿಯಾರಕ್ಕೇನ ಗೊತ್ತಾಗ್ತೇತ್ರಿ? ಗಲ್ಲಕ್ಕ ಹಚ್ಚಿ ನೋಡ್ರಿ. ತಂಪ ಹತ್ತಬೇಕು, ಹಸಿ ಹತ್ತಬಾರದು.”

ತಾವು ಕೆಲಸ ಮಾಡುತ್ತಿದ್ದ ಪಟ್ಟಿಯನ್ನೇ ಅವರು ನನ್ನತ್ತ ಚಾಚಿದರು. ತೆಗೆದುಕೊಂಡೆ, ಗಲ್ಲಕ್ಕೆ ಒತ್ತುವ ಮುನ್ನ ಒಂದು ಕ್ಷಣ ಕೈ ನಿಂತಿತು. ನಾನು ಹುಟ್ಟಿದ ಮನೆಯಲ್ಲಿ ಹೊಸ ಚಪ್ಪಲಿ ತಂದವರು ಅಂಗಳದಾಚೆ ನಿಲ್ಲುತ್ತಿದ್ದರು. ಮನೆಯವರು ದುಡ್ಡನ್ನು ಮೆಟ್ಟಿಲ ಮೇಲಿಡುತ್ತಿದ್ದರು, ಚಪ್ಪಲಿಗೆ ನೀರು ಚಿಮುಕಿಸಿ ಒಳಗೆ ತರುತ್ತಿದ್ದರು. ಆ ಮನೆಯ ಮಗಳು ನಾನು. ಅದು ತಪ್ಪೆಂದು ಬಹಳ ಹಿಂದೆಯೇ ಓದಿ ತಿಳಿದಿದ್ದೆ. ಆದರೂ ಕೈ ನಿಂತಿತಲ್ಲ, ಅದು ನನ್ನನ್ನು ಇವತ್ತಿಗೂ ನೋಯಿಸುತ್ತದೆ. ಆಯಿ ಅದನ್ನು ನೋಡಿದರು, ಏನೂ ಅನ್ನಲಿಲ್ಲ. ಪಟ್ಟಿಯನ್ನು ಗಲ್ಲಕ್ಕಿಟ್ಟೆ. ಮಣ್ಣಿನ ಗಡಿಗೆಯ ಹೊರಮೈ ತಾಗಿದಂತಿತ್ತು. ತಂಪು ಇತ್ತು, ತೇವ ಅಂಟಲಿಲ್ಲ.

ಊರಿಗೆ ಬಂದು ನಿಮಿಷಗಳ ಪಟ್ಟಿ ಹರಿದೆ. ಈಗ ತೊಗಲನ್ನು ರಾತ್ರಿ ನೆನೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡುತ್ತೇನೆ. ನೀರು ಎಳೆಎಳೆಗೂ ಸಮನಾಗಿ ಹರಡುತ್ತದೆ. ಬೆಳಿಗ್ಗೆ ತೆಗೆದು ಕಲ್ಲಿನ ಮೇಲೆ ಹರವಿ, ಆಗಾಗ ಗಲ್ಲಕ್ಕೆ ಹಚ್ಚಿ ನೋಡುತ್ತ ಕಾಯುತ್ತೇನೆ. ನನ್ನ ಚೌಕಟ್ಟು ಕಟ್ಟಿದ ಹೂಗಳನ್ನು ನೋಡಿ ಮನೆಗೆ ಬಂದವರು ಕಲೆ ಎನ್ನುತ್ತಾರೆ. ಅವರೇ ಸಂತೆಯಲ್ಲಿ ಆಯಿಯ ಚಪ್ಪಲಿಗೆ ಐವತ್ತು ರೂಪಾಯಿ ಇಳಿಸಿ ಎನ್ನುತ್ತಾರೆ. ಈಗ ಹಾಗೆ ಅಂದವರಿಗೆ ಆಯಿಯ ಪಟ್ಟಿಯೊಂದನ್ನು ಕೈಗೆ ಕೊಟ್ಟು, ಸಾಲನ್ನು ಬೆರಳಿನಿಂದ ನೋಡಿ ಎನ್ನುತ್ತೇನೆ.

ಹೋದ ದೀಪಾವಳಿಗೆ ಒಂದು ನಡುಪಟ್ಟಿ ಮುಗಿಸಿ ಅಥಣಿಗೆ ಒಯ್ದೆ. ಬಳ್ಳಿ, ಹೂ, ಎರಡೂ ಅಂಚಿಗೆ ಬುಟ್ಟಿ ಹೆಣಿಗೆಯ ಅಚ್ಚು. ಮೂರು ವಾರದ ಕೆಲಸ. ಆಯಿಯ ಕಣ್ಣಿಗೆ ಪೊರೆ ಬಂದಿತ್ತು. ಪಟ್ಟಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಬೇರೆ ಕಡೆ ನೋಡುತ್ತ, ಹೆಬ್ಬೆರಳನ್ನು ಒಂದು ತುದಿಯಿಂದ ಬಳ್ಳಿಗುಂಟ ನಡೆಸಿದರು. ಮೊದಲ ಹೂ ದಾಟಿತು, ಎರಡನೆಯದು ದಾಟಿತು. ಮೂರನೆಯ ಹೂವಿನ ಎಡದ ಎಲೆಯ ಹತ್ತಿರ ಬೆರಳು ನಿಂತಿತು, ಹಿಂದೆ ಬಂದು ಮತ್ತೊಮ್ಮೆ ಸವರಿತು.

“ಇಲ್ಲೆ ಎದ್ದ ಹೋಗಿದ್ರೇನ್ರಿ, ಅಕ್ಕೋರ?”

ಹೋಗಿದ್ದೆ. ಒಲೆಯ ಮೇಲೆ ಹಾಲಿಟ್ಟಿದ್ದೆ.