ವಾಚನಾಲಯದ ಮೇಜು

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವಾಚನಾಲಯದ ದೊಡ್ಡ ಮೇಜನ್ನು ಅರಿಯದವರು ವಿರಳ. 6 ಅಡಿ ಉದ್ದ, 3 ಅಡಿ ಅಗಲದ ಆ ಸಾಗುವಾನಿ ಮೇಜು, ಅವರದೇ ಒಂದು ತಂಡದವರು ಶಾಲೆಯನ್ನು ಬಿಡುವಾಗ ಹಣ ಕೂಡಿಸಿ ಕೊಟ್ಟ ಕಾಣಿಕೆ. ಅದರ ಮೇಲೆ ಭೂಪಟ ಬರೆದವರ ಹೆಣ್ಣುಮಕ್ಕಳು ಈಗ ಅದೇ ಮೇಜಿನ ಮೇಲೆ ಭೂಪಟ ಬರೆಯುತ್ತಿರುವರು. ಅಂತಹ ಮೇಜನ್ನು ನಾನು ಕೆಡಿಸಿದ ಬಗೆಯನ್ನೂ ಅದು ಪುನಃ ನೆಟ್ಟಗಾದ ಬಗೆಯನ್ನೂ ಕೊಟ್ಟವರ ಮುಂದೆ ಒಪ್ಪಿಸುವುದು ನನ್ನ ಕರ್ತವ್ಯವೆಂದೆಣಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ಮೇಜಿನ ಹಲಗೆಗಳ ಎರಡು ಕೊನೆಗಳಿಗೂ, ಅಂದಕ್ಕಾಗಿ, ಅಡ್ಡಲಾಗಿ ಒಂದೊಂದು ಪಟ್ಟಿಯನ್ನು ಗೋಂದು ಹಚ್ಚಿ ಮೊಳೆ ಹೊಡೆದು ಕೂರಿಸಿದ್ದರು. ಒಂದು ವರ್ಷ ಮಾರ್ಚಿ ತಿಂಗಳಿನಲ್ಲಿ ಎರಡು ಹಲಗೆಗಳ ನಡುವೆ ಸೀಸದ ಕಡ್ಡಿಯ ಮೊನೆ ಹೋಗುವಷ್ಟು ಬಿರುಕು ಕಾಣಿಸಿತು. ನಾನು ಯಾರನ್ನೂ ಕೇಳದೆ, ಮರದ ಹೊಟ್ಟನ್ನು ಗೋಂದಿನಲ್ಲಿ ಕಲಸಿ ಆ ಬಿರುಕನ್ನು ಗಟ್ಟಿಯಾಗಿ ತುಂಬಿಸಿದೆನು. ಸಾಲದೆಂದು ಕೆಳಗಡೆ ಎರಡು ಕಬ್ಬಿಣದ ಪಟ್ಟಿಗಳನ್ನು ತಿರುಪುಮೊಳೆಗಳಿಂದ ಬಿಗಿಸಿದೆನು. ಬಿಗಿಯೇ ಬಲವೆಂದು ಆಗ ನನ್ನ ನಂಬಿಕೆ. ಮಳೆಗಾಲ ಬಂದಾಗ ಮೇಜಿನ ನಡುಭಾಗವು ಉಬ್ಬಿ ಮೇಲಕ್ಕೆದ್ದಿತು. ಇಟ್ಟ ಲೇಖನಿ ಉರುಳಿ ಕೆಳಗೆ ಬೀಳುತ್ತಿತ್ತು. ಮರುವರ್ಷದ ಬೇಸಗೆಯಲ್ಲಿ ನಡುಹಲಗೆಯೇ ಉದ್ದಕ್ಕೂ ಸೀಳಿತು. ಹಳೆಯ ಸಾಮಾನಿನವನಿಗೆ ಕೊಟ್ಟು ಹೊಸದನ್ನು ತರಿಸುವುದೆಂದು ನಿಶ್ಚಯವೂ ಆಯಿತು.

ಅಷ್ಟರಲ್ಲಿ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ತನ್ನ ತಾತನನ್ನು ಕರೆತಂದಳು. 1940ರಲ್ಲಿ ಸ್ಥಾಪಿತವಾದ ನಮ್ಮ ನೆರೆಯ ವಿಮಾನ ಕಾರ್ಖಾನೆಯಲ್ಲಿ, ಎರಕಕ್ಕೆ ಬೇಕಾದ ಮರದ ಮಾದರಿಗಳನ್ನು ಮಾಡಿ ನಿವೃತ್ತರಾದ ಮೇಸ್ತ್ರಿಗಳು ಅವರು. ಮೇಜಿನ ಅಡಿಗೆ ಕೈಯಾಡಿಸಿ, "ಅಮ್ಮಾ, ಇದನ್ನು ಹೀಗೆ ಕಟ್ಟಿಹಾಕಿದವರು ಯಾರು?" ಎಂದು ಕೇಳಿದರು. "ನಾನೇ" ಎಂದೆನು. ಅವರು ನಕ್ಕು, "ಮರ ಕಡಿದ ಮೇಲೂ ಉಸಿರಾಡುತ್ತದಮ್ಮ. ಅದಕ್ಕೆ ಜಾಗ ಬಿಡಬೇಕು" ಎಂದರು.

ಅವರು ಹೇಳಿದುದು ಶಾಸ್ತ್ರಸಮ್ಮತವಾದ ಮಾತೇ. ನಮ್ಮ ಬೆಂಗಳೂರಿನಲ್ಲಿ ಮಾರ್ಚಿ ತಿಂಗಳ ಸಂಜೆ ಗಾಳಿಯ ಆರ್ದ್ರತೆಯು ಶೇಕಡಾ 30ರ ಆಸುಪಾಸಿಗೆ ಇಳಿಯುವುದು. ಆಗಸ್ಟಿನಲ್ಲಿ 65ನ್ನು ಮೀರುವುದು. ಮರವು ಈ ತೇವವನ್ನು ಹೀರಿ ಹಿಗ್ಗುವುದು, ಬಿಟ್ಟು ಕುಗ್ಗುವುದು. ಎಳೆಯ ಗುಂಟ ಈ ವ್ಯತ್ಯಾಸವು ಬಹು ಸ್ವಲ್ಪ. ಎಳೆಗೆ ಅಡ್ಡಲಾಗಿ ಅದರ ಹತ್ತಾರು ಪಾಲು. ಮರಗಳಲ್ಲಿ ಸಾಗುವಾನಿಯು ಕಡಿಮೆ ಅಲುಗುವಂಥದು. ಆದರೂ 3 ಅಡಿ ಅಗಲದಲ್ಲಿ ಬೇಸಗೆಗೂ ಮಳೆಗಾಲಕ್ಕೂ ಸುಮಾರು ಕಾಲು ಅಂಗುಲದ ಅಂತರ ಬರಬಹುದು. ಹಲಗೆಗಳು ಕುಗ್ಗಲು ಹೊರಟವು, ಅಡ್ಡಪಟ್ಟಿಯು ಬಿಡಲಿಲ್ಲ, ಆದುದರಿಂದ ಬಿರಿದವು. ಹಿಗ್ಗಲು ಹೊರಟವು, ನಾನು ತುಂಬಿಸಿದ ಗೋಂದೂ ಕಬ್ಬಿಣವೂ ಬಿಡಲಿಲ್ಲ, ಆದುದರಿಂದ ಉಬ್ಬಿದವು. ಮರವನ್ನು ಒಣಗಿಸಿ ಹದಗೊಳಿಸುವುದೇ ಒಂದು ವಿದ್ಯೆ. ಅದರ ಅಭ್ಯಾಸವು ನಡೆಯುವ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾಲಯವಾಗಿ ಹುಟ್ಟಿದುದೆಂದು ನಮ್ಮ ಬಾಲಿಕೆಯರು ತಿಳಿದಿರಬೇಕು.

ಮೇಸ್ತ್ರಿಗಳು ಮೊದಲು ಕಬ್ಬಿಣವನ್ನು ತೆಗೆದರು. ಸೇರಿದ ಗೆರೆಗಳಲ್ಲಿ ಹಲಗೆಗಳನ್ನು ಗರಗಸದಿಂದ ಬಿಡಿಸಿ, ನನ್ನ ಗೋಂದನ್ನು ಉಳಿಯಿಂದ ಕೆರೆದು, ನಡುವೆ ಚಕ್ಕೆಗಳನ್ನಿಟ್ಟು ಅದೇ ಕೋಣೆಯಲ್ಲಿ ಹದಿನೈದು ದಿವಸ ಒಟ್ಟಿದರು. ದಸರಾ ರಜೆಯಲ್ಲಿ ಅಂಚುಗಳಿಗೆ ತೋಪಡ ಹಿಡಿದು, ಸೀಳಿದ ಹಲಗೆಯನ್ನು ಸೀಳಿನ ಗುಂಟವೇ ಕೊಯ್ದು ಕೂಡಿಸಿ, ಕಡಿಮೆಯಾದ ಅಗಲಕ್ಕೆ ಹಳೆಯ ಬಾಗಿಲೊಂದರ ಸಾಗುವಾನಿಯ ತುಂಡನ್ನು ಸೇರಿಸಿದರು. ಅಂಚಿಗೆ ಅಂಚು ಮಾತ್ರ ಗೋಂದು. ಕೊನೆಯ ಪಟ್ಟಿಗಳಲ್ಲಿ ಉದ್ದಕ್ಕೂ ಸಂದು ಕೊರೆದು ಹಲಗೆಯ ನಾಲಗೆಯನ್ನು ಅದರೊಳಗೆ ಜಾರುವಂತೆ ಕೂರಿಸಿ, ನಟ್ಟನಡುವೆ ಮಾತ್ರ ಭದ್ರಪಡಿಸಿದರು. ಕೆಳಗಿನ ತಿರುಪುಮೊಳೆಗಳಿಗೆ ಅಗಲದ ಕಡೆಗೆ ನೀಳವಾದ ತೂತುಗಳನ್ನು ಕೊರೆದರು. ಹಿಂದೆ ಮೇಲ್ಮೈಗೆ ಮಾತ್ರ ಇದ್ದ ಮೆರುಗನ್ನು ಅಡಿಗೂ ಸಮನಾಗಿ ಹಚ್ಚಿದರು. ಒಂದು ಮೈ ಮಾತ್ರ ತೇವ ಹೀರಿದರೆ ಹಲಗೆ ಬಾಗುವುದಂತೆ. ಕೂಲಿಯೆಂದು ಅವರು ಪಡೆದುದು ಮೊಮ್ಮಗಳ ಕೈಯಿಂದ ಒಂದು ಲೋಟ ಕಾಫಿ ಮಾತ್ರ.

ಮೇಜಿನ ವಿಷಯದಲ್ಲಿ ಮಾತ್ರವೇ ನಾನು ಬಿಗಿಯನ್ನು ಬಲವೆಂದು ತಿಳಿದಿದ್ದೆನೆ? ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಅಲ್ಲವೆಂದಾರು. ಮಳೆಯಲ್ಲಿ ತೊಯ್ದು ತಡವಾಗಿ ಬಂದವಳನ್ನು ಕಾರಣ ಕೇಳದೆ ಹೊರಗೆ ನಿಲ್ಲಿಸಿದ ದಿನಗಳು ನನಗೂ ನೆನಪಿವೆ. ಅಂಥವರಲ್ಲಿ ಕ್ಷಮೆ ಬೇಡುವೆನು. ಕಟ್ಟು ಬೇಕು, ಕಟ್ಟಿಲ್ಲದೆ ಮೇಜೇ ಇಲ್ಲ. ಆದರೆ ಎಲ್ಲಿ ಭದ್ರಪಡಿಸಬೇಕು, ಎಲ್ಲಿ ಜಾರಲು ಬಿಡಬೇಕು ಎಂಬ ವಿವೇಕವೂ ಬೇಕು.

ಹೊಸ ತಿಪ್ಪಸಂದ್ರದ ಕಡೆಗೆ ಬಂದವರು ವಾಚನಾಲಯಕ್ಕೆ ಅಗತ್ಯವಾಗಿ ಬನ್ನಿರಿ. ಮಾರ್ಚಿಯಲ್ಲಿ ಬಂದರೆ ಮೇಜಿನ ಮೂಲೆಯನ್ನು ಬೆರಳಿನಿಂದ ಸವರಿ ನೋಡಿರಿ. ಅಡ್ಡಪಟ್ಟಿಯು ಹಲಗೆಗಿಂತ ತುಸು ಹೊರಗೆ ಚಾಚಿರುವುದು. ಅದನ್ನು ಕುಂದೆಂದು ಭಾವಿಸಬೇಡಿರಿ. ಆಗಸ್ಟಿನಲ್ಲಿ ಬಂದರೆ ಎರಡೂ ಸಮನಾಗಿರುವುವು.