ಆಟದ ಕೀಲಿಮಣೆ

ಕಂಪ್ಯೂಟರಿನಲ್ಲಿ ಆಟವಾಡತಕ್ಕವರಿಗೆಂದೇ ಮಾಡಿದ ಕೀಲಿಮಣೆಗಳುಂಟು. ಕೀಲಿಗಳ ಅಡಿಯಲ್ಲಿ ಬಣ್ಣಬಣ್ಣದ ದೀಪಗಳು ಹೊಳೆಯುತ್ತಿರುವುದರಿಂದ ಹಿರಿಯರು ಇದನ್ನು ಜಾತ್ರೆಯ ಸಾಮಾನೆಂದು ನಗುವರು. ದೀಪಗಳ ಮಟ್ಟಿಗೆ ಆ ನಗೆ ಸಲ್ಲತಕ್ಕದ್ದೇ. ಆದರೆ ಮಣೆಯ ನಿಜವಾದ ಗುಣ ಕಣ್ಣಿಗೆ ಕಾಣತಕ್ಕದ್ದಲ್ಲ.

1997ರಲ್ಲಿ ಡೆನ್ನಿಸ್ ಫಾಂಗ್ ಎಂಬ ಯುವಕನು ಅಮೆರಿಕೆಯಲ್ಲಿ ನಡೆದ ‘ಕ್ವೇಕ್’ ಆಟದ ಪಂದ್ಯವನ್ನು ಗೆದ್ದು ಒಂದು ಫೆರಾರಿ ಕಾರನ್ನೇ ಬಹುಮಾನವಾಗಿ ಪಡೆದನು. ಡಬ್ಲ್ಯು, ಎ, ಎಸ್, ಡಿ ಎಂಬ ನಾಲ್ಕು ಕೀಲಿಗಳ ಮೇಲೆ ಎಡಗೈಯನ್ನಿರಿಸುವ ಅವನ ಪದ್ಧತಿ ಅಲ್ಲಿಂದ ಮುಂದೆ ಬಹುವಾಗಿ ಹರಡಿತು. ಮುಂದಕ್ಕೆ ಓಡುತ್ತ, ಪಕ್ಕಕ್ಕೆ ಸರಿಯುತ್ತ, ನೆಗೆಯುವಾಗ ಮೂರು ಕೀಲಿಗಳು ಒಮ್ಮೆಗೇ ಕೆಳಗಿರುತ್ತವೆ. ಮಣೆಗೆ ಪರೀಕ್ಷೆ ಇಲ್ಲಿಯೇ.

ಅವಧಾನದ ಸಭೆಯನ್ನು ಕಂಡವರಿಗೆ ಇದು ಬೇಗನೆ ತಿಳಿದೀತು. ಪೃಚ್ಛಕರು ಎಂಟು ಮಂದಿಯಿದ್ದರೂ ಅವಧಾನಿಯು ಒಬ್ಬರ ಮಾತನ್ನೂ ಬಿಡಬಾರದು. ಒಬ್ಬರದನ್ನು ಇನ್ನೊಬ್ಬರದರೊಡನೆ ಬೆರೆಸಲೂ ಬಾರದು. ಕೀಲಿಗಳ ತಂತಿಗಳು ಉದ್ದಸಾಲು, ಅಡ್ಡಸಾಲುಗಳಾಗಿ ಹೆಣೆದಿರುವುದರಿಂದ, ಒಂದು ಚೌಕದ ಮೂರು ಮೂಲೆಗಳನ್ನು ಒತ್ತಿದರೆ ವಿದ್ಯುತ್ತು ಸುತ್ತಿಬಂದು, ಮುಟ್ಟದಿರುವ ನಾಲ್ಕನೆಯ ಮೂಲೆಯೂ ಒತ್ತಿದಂತೆ ತೋರುವುದು. ಇದಕ್ಕೆ ‘ಘೋಸ್ಟಿಂಗ್’ ಎಂದು ಹೆಸರು, ಭೂತಚೇಷ್ಟೆಯೆಂದರೂ ಸರಿಯೆ. ಅಗ್ಗದ ಮಣೆಗಳು ಈ ಭೂತಕ್ಕೆ ಹೆದರಿ, ಅಂತಹ ಸಂದರ್ಭದಲ್ಲಿ ಮೂರನೆಯ ಕೀಲಿಯ ಮಾತನ್ನೇ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹುಡುಗನು ಸೋಲುತ್ತಾನೆ. ದೋಷ ಮಣೆಯದು, ಕೈ ನಿಧಾನವೆಂಬ ಅಪವಾದ ಮಾತ್ರ ಹುಡುಗನಿಗೆ! ಉತ್ತಮವಾದ ಮಣೆಯಲ್ಲಿ ಕೀಲಿಗೊಂದರಂತೆ ಡಯೋಡುಗಳಿರುತ್ತವೆ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಈ ದ್ವಾರಪಾಲಕರಿರಲಾಗಿ ಹತ್ತು ಬೆರಳುಗಳ ಮಾತೂ ಬೇರೆಬೇರೆಯಾಗಿಯೇ ಕೇಳುವುದು.

ಕೀಲಿಯ ರಚನೆಯೂ ಜಾಣತನದ್ದೆ. ಜರ್ಮನಿಯ ಚೆರ್ರಿ ಸಂಸ್ಥೆಯ ಎಂ.ಎಕ್ಸ್. ಕೆಂಪು ಕೀಲಿಯು 4 ಮಿಲಿಮೀಟರು ಇಳಿಯತಕ್ಕದ್ದು. 2 ಮಿಲಿಮೀಟರು ಇಳಿಯುವಷ್ಟರಲ್ಲೇ ಸುದ್ದಿ ಮುಟ್ಟಿರುತ್ತದೆ.

ಇನ್ನು ಕಂಪ್ಯೂಟರಿನೊಡನೆ ಸಂಬಂಧ. ಸಾಮಾನ್ಯ ಮಣೆಯನ್ನು ಯು.ಎಸ್.ಬಿ. ತಂತಿಯ ಮೂಲಕ ಕಂಪ್ಯೂಟರು ಸೆಕೆಂಡಿಗೆ 125 ಸಾರಿ ವಿಚಾರಿಸಿದರೆ, ಆಟದ ಮಣೆಯನ್ನು 1000 ಸಾರಿ ವಿಚಾರಿಸುವುದು. ತಂತಿಯಿಲ್ಲದವುಗಳಲ್ಲಿ ಬ್ಲೂಟೂತ್ ಒಂದು ಬಗೆ. ಫೋನಿಗೂ ಟ್ಯಾಬ್ಲೆಟ್ಟಿಗೂ ಸಲೀಸು, ಪಂದ್ಯಕ್ಕೆ ಮಂದ. ತನ್ನದೇ ಪುಟ್ಟ ರಿಸೀವರನ್ನು ಕಂಪ್ಯೂಟರಿಗೆ ಸಿಕ್ಕಿಸುವ 2.4 ಗಿಗಾಹರ್ಟ್ಸಿನ ಮಣೆ ಇನ್ನೊಂದು ಬಗೆ. ಇದರಲ್ಲಿ ಒಳ್ಳೆಯವು ತಂತಿಗೆ ಸರಿಸಮವಾಗಿ ಓಡುತ್ತವೆ. ತಂತಿಯನ್ನು ಬಿಟ್ಟ ಮೇಲೆ ಬ್ಯಾಟರಿಯ ಚಿಂತೆಯೊಂದು ಉಳಿಯಿತಷ್ಟೆ. ಅದನ್ನು ಬೇಗನೆ ತಿಂದುಹಾಕುವುದು ಆಟವಲ್ಲ, ಆ ಜಾತ್ರೆಯ ದೀಪಗಳು.