ಕ್ಲಬ್ಬು ಯಾರದ್ದು?

ಈಗಷ್ಟೇ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಹತ್ರ ಟೀ ಕುಡೀತಾ ನಿಂತಿದ್ದೆ. ಪಕ್ಕದಲ್ಲಿ ಬೆಂಗಳೂರು ಎಫ್‌ಸಿ ನೀಲಿ ಜರ್ಸಿ ಹಾಕಿದ ಇಬ್ಬರು ಹುಡುಗರ ಜೋರು ವಾದ.

"ಸಿಟಿ ಫುಟ್‌ಬಾಲ್ ಗ್ರೂಪೇ ಮುಂಬೈ ಕ್ಲಬ್ ಬಿಟ್ಟು ಹೋಯ್ತು. ನಾಳೆ ಜೆಎಸ್‌ಡಬ್ಲ್ಯೂನೂ ನಮ್ಮ ಕ್ಲಬ್ ಕೈಬಿಟ್ರೆ?"
"ಬೇರೆ ಯಾರೋ ತಗೋತಾರೆ ಬಿಡು ಮಗಾ."

ಆ 'ಬೇರೆ ಯಾರೋ' ತಲೆಯಿಂದ ಹೋಗ್ತಾನೇ ಇಲ್ಲ.

ಚಿನ್ನದ ಗಣಿಯ ಧಣಿಗಳು ಬದಲಾಗೋದು ಕೆಜಿಎಫ್‌ಗೆ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ, 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ (ಬಿಜಿಎಂಎಲ್). 2001ರ ಫೆಬ್ರವರಿ 28ಕ್ಕೆ ಗಣಿಗೇ ಬೀಗ. ಪ್ರತಿ ಸಲವೂ ಸಹಿ ಹಾಕಿದವರು ಎಲ್ಲೋ ಇದ್ದರು, ಪರಿಣಾಮ ಉಂಡವರು ಇಲ್ಲಿದ್ದರು. ಫುಟ್‌ಬಾಲ್‌ನಲ್ಲೂ ಅದೇ ಕಥೆ.

ಜೆಎಸ್‌ಡಬ್ಲ್ಯೂ 2013ರಲ್ಲಿ ದುಡ್ಡು ಹಾಕಿದ್ದಕ್ಕೇ ಬೆಂಗಳೂರು ಎಫ್‌ಸಿ ಹುಟ್ಟಿದ್ದು, ಮೊದಲ ಸೀಸನ್ನಲ್ಲೇ ಐ-ಲೀಗ್ ಗೆದ್ದಿದ್ದು. ಆ ಋಣ ಇದ್ದೇ ಇದೆ. ಆದರೆ 2025ರ ಆಗಸ್ಟ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ನಡೆಯುತ್ತೋ ಇಲ್ಲವೋ ಅನ್ನೋ ಸ್ಥಿತಿ ಬಂದು ಆಟಗಾರರ ಸಂಬಳ ನಿಂತಾಗ, ಕಂಠೀರವದಲ್ಲಿ ಗಂಟಲು ಹರಿದುಕೊಂಡು ಕೂಗುವವರ ಕೈಯಲ್ಲಿ ಏನೂ ಇರಲಿಲ್ಲ.

ಜರ್ಮನಿಯಲ್ಲಿ 50+1 ನಿಯಮ ಇದೆ: ದುಡ್ಡು ಯಾರದ್ದಾದರೂ ಸರಿ, ಮತದ ಬಹುಮತ ಸಾಮಾನ್ಯವಾಗಿ ಕ್ಲಬ್ ಸದಸ್ಯರದ್ದೇ. ಕೋಲ್ಕತ್ತಾದಲ್ಲಿ ಮೋಹನ್ ಬಗಾನ್ ಅಭಿಮಾನಿಗಳು ಪಟ್ಟು ಹಿಡಿದಿದ್ದಕ್ಕೆ 2023ರಲ್ಲಿ ವಿಲೀನದಲ್ಲಿ ಕ್ಲಬ್ಬಿನ ಹೆಸರಿಗೆ ಸೇರಿದ್ದ 'ಎಟಿಕೆ' ಹೋಯಿತು.

ಮಾಲೀಕರು ಇರಲಿ, ಬೇಕು. ಆದರೆ ಕ್ಲಬ್ ಮಾರುವಾಗ, ಊರು ಬದಲಿಸುವಾಗ ಅಭಿಮಾನಿಗಳಿಗೂ ಒಂದು ವೋಟು ಬೇಡವಾ? ಏನಂತೀರಿ?